ಹೊಸ ಊರಿನಲ್ಲಿ ಗಾಳಕ್ಕೆ ತಕ್ಕ ಕೆರೆಯನ್ನು ಹುಡುಕುವ ಬಗೆ

ತೀರ್ಥಹಳ್ಳಿಯ ಕಡೆಯಿಂದ ಕೆಲಸದ ನಿಮಿತ್ತ ತುಮಕೂರಿಗೆ ಬಂದು ನೆಲೆಸಿದ ಮೊದಲ ವರ್ಷ, ಕಂಡಕಂಡ ಕೆರೆಗಳ ಏರಿಯ ಮೇಲೆ ಗಾಳದ ಕೋಲು ಹಿಡಿದು ಕುಳಿತು ಬರಿಗೈಯಲ್ಲಿ ಮನೆಗೆ ಮರಳಿದ್ದೇ ಹೆಚ್ಚು. ಹೊಳೆಯ ದಡದಲ್ಲಿ ಬೆಳೆದವರಿಗೆ ನೀರು ಕಂಡಲ್ಲೆಲ್ಲ ಮೀನಿದೆ ಎಂಬ ನಂಬಿಕೆ ಸಹಜವಾಗಿ ಇರುತ್ತದೆ. ಬಯಲುಸೀಮೆಯ ಕೆರೆಗಳ ಮಟ್ಟಿಗೆ ಆ ನಂಬಿಕೆ ನಿಲ್ಲುವುದಿಲ್ಲ. ಕಣ್ಣು ಹಾಯುವಷ್ಟು ದೂರ ನೀರು ನಿಂತಿರುವ ಕೆರೆಯಲ್ಲಿ ಬೆರಳುದ್ದದ ಮೀನುಗಳಷ್ಟೇ ಇರಬಹುದು. ಅಲ್ಲಿಂದ ಎರಡು ಮೂರು ಮೈಲಿಯಾಚೆ, ಜಾಲಿಯ ಮರೆಯಲ್ಲಿರುವ ಸಣ್ಣ ಕಟ್ಟೆಯೊಂದರಲ್ಲಿ ಐದು ಕಿಲೋ ತೂಗುವ ಕಾಟ್ಲಾ ತಿರುಗಾಡುತ್ತಿರಬಹುದು.

ಈ ವ್ಯತ್ಯಾಸದ ಮೂಲ ಯಾವುದೆಂದು ತಿಳಿಯಲು ನನಗೆ ಎರಡು ಬೇಸಿಗೆಗಳು ಬೇಕಾದವು. ಹೊಸ ಊರಿನಲ್ಲಿ ಯಾವ ಕೆರೆಯ ಬಗ್ಗೆಯಾದರೂ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಈ ಕೆರೆ ಕೊನೆಯ ಸಲ ಪೂರ್ತಿ ಬತ್ತಿದ್ದು ಯಾವಾಗ? ಪ್ರತಿ ಬೇಸಿಗೆಯಲ್ಲೂ ತಳ ಕಾಣುವ ಕೆರೆಯಲ್ಲಿ ಆ ವರ್ಷದ ಮಳೆಗಾಲದಲ್ಲಿ ಬಿಟ್ಟ ಮರಿಗಳು ಮಾತ್ರ ಇರುತ್ತವೆ, ಮತ್ತು ಅವು ಮುಂದಿನ ಬೇಸಿಗೆಯ ಹೊತ್ತಿಗೆ ಚೆನ್ನಾಗಿ ಬೆಳೆದರೆ ಸುಮಾರು ಒಂದು ಕಿಲೋ ಮುಟ್ಟುತ್ತವೆ. ಎರಡು ಮೂರು ಬೇಸಿಗೆಗಳನ್ನು ನೀರಿನೊಂದಿಗೆ ದಾಟಿದ ಕೆರೆಯಲ್ಲಿ ಬಲೆಗೆ ಸಿಗದೆ ಉಳಿದ ಹಳೆಯ ಮೀನುಗಳಿರುತ್ತವೆ. ತುಮಕೂರು ಜಿಲ್ಲೆಯನ್ನೇ ನೋಡುವುದಾದರೆ, 2022ರ ಭಾರಿ ಮಳೆಗೆ ಎಷ್ಟೋ ವರ್ಷಗಳಿಂದ ಒಣಗಿದ್ದ ಕೆರೆಗಳೂ ಕೋಡಿ ಬಿದ್ದವು. ಅದರ ಮರುವರ್ಷವೇ ಬರ ಬಂದು, 2024ರ ಬೇಸಿಗೆಯ ಹೊತ್ತಿಗೆ ಅವುಗಳಲ್ಲಿ ಹಲವು ಮತ್ತೆ ಬಿರುಕು ಬಿಟ್ಟವು. ಆ ಬೇಸಿಗೆಯನ್ನು ನೀರು ಉಳಿಸಿಕೊಂಡು ದಾಟಿದ ಕೆರೆಗಳು ಯಾವುವು ಎಂಬುದು ಗೊತ್ತಾದರೆ ಹುಡುಕಾಟದ ಅರ್ಧ ಕೆಲಸ ಮುಗಿದಂತೆ.

ಕೊರವ ಮತ್ತು ಮುರುಗೋಡಿಗೆ ಮಾತ್ರ ಈ ಲೆಕ್ಕ ಅನ್ವಯಿಸುವುದಿಲ್ಲ. ಕುಚ್ಚು, ಮರಲು ಎಂದು ಊರಿಗೊಂದು ಹೆಸರಿನಿಂದ ಕರೆಯುವ ಕೊರವ ಮೀನೂ, ಮೀಸೆಯ ಮುರುಗೋಡೂ ಗಾಳಿಯನ್ನು ನೇರವಾಗಿ ಉಸಿರಾಡಬಲ್ಲವು. ನೀರು ಇಂಗಿದರೂ ಹಸಿ ಕೆಸರಿನಲ್ಲಿ ಹುದುಗಿ ಕೆಲಕಾಲ ಜೀವ ಹಿಡಿದುಕೊಂಡಿರುತ್ತವೆ. ನಿಮಗೆ ಇವೇ ಬೇಕಾಗಿದ್ದರೆ ಜೊಂಡು ಬೆಳೆದ, ಬತ್ತಿಯೂ ಬತ್ತದ ಹಳೆಯ ಕೆರೆಗಳನ್ನು ಬೇರೆಯಾಗಿಯೇ ಪಟ್ಟಿ ಮಾಡಿಕೊಳ್ಳಿ.

ನಕಾಶೆಯಿಂದ ಆರಂಭ

ಕರ್ನಾಟಕದಲ್ಲಿ ಸಣ್ಣವೂ ದೊಡ್ಡವೂ ಸೇರಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆ ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಆದ್ದರಿಂದ ಹಳೇ ಮೈಸೂರು ಸೀಮೆಯ ಯಾವ ಊರಿಗೆ ಹೋಗಿ ನೆಲೆಸಿದರೂ ಇಪ್ಪತ್ತು ಕಿಲೋಮೀಟರಿನೊಳಗೆ ಹತ್ತಾರು ಕೆರೆಗಳು ಸಿಕ್ಕೇ ಸಿಗುತ್ತವೆ, ಮತ್ತು ಎಲ್ಲವನ್ನೂ ಕಾಲಿನಿಂದ ಅಳೆಯುವುದು ಆಗದ ಕೆಲಸ. ಮೊದಲಿಗೆ ಉಪಗ್ರಹ ಚಿತ್ರಗಳನ್ನು ನೋಡಬೇಕು. ಗೂಗಲ್ ಮ್ಯಾಪ್‌ನಲ್ಲಿ ಕಾಣುವುದು ಯಾವುದೋ ಒಂದು ದಿನದ ಚಿತ್ರ. ಗೂಗಲ್ ಅರ್ಥ್‌ನಲ್ಲಿ ಹಿಂದಿನ ವರ್ಷಗಳ ಚಿತ್ರಗಳನ್ನೂ ಒಂದೊಂದಾಗಿ ತಿರುವಿ ನೋಡಬಹುದು. ಅಲ್ಲಿ ಮಾರ್ಚ್‌ನಿಂದ ಮೇ ತಿಂಗಳವರೆಗಿನ ಚಿತ್ರಗಳನ್ನು ಮಾತ್ರ ಆರಿಸಿ ನೋಡಿದರೆ ಯಾವ ಕೆರೆ ಯಾವ ವರ್ಷ ಒಣಗಿತ್ತು, ಯಾವುದು ಒಣಗದೆ ಉಳಿದಿತ್ತು ಎಂಬುದು ಕುಳಿತಲ್ಲೇ ತಿಳಿಯುತ್ತದೆ. ಕಡು ನೀಲಿ ಅಥವಾ ಕಪ್ಪಾಗಿ ಕಾಣುವುದು ಆಳದ ನೀರು. ಎಳೆ ಹಸಿರಿನ ನಯವಾದ ಹಾಸು ಕಂಡರೆ ಅದು ಬಹುಮಟ್ಟಿಗೆ ಅಂತರಗಂಗೆ.

ಇದರ ಜೊತೆಗೆ ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್‌ ಅನ್ನು ಮೊಬೈಲಿನಲ್ಲಿ ಇಟ್ಟುಕೊಳ್ಳಿ. ನಿಂತ ಜಾಗದ ಸರ್ವೆ ನಂಬರು, ಗ್ರಾಮದ ಹೆಸರು, ಅದು ಸರ್ಕಾರಿ ಕೆರೆಯೋ ಯಾರದಾದರೂ ಹಿಡುವಳಿಯೋ ಎಂಬುದು ಅದರಲ್ಲಿ ಸಿಗುತ್ತದೆ. ಮುಂದೆ ಪಂಚಾಯಿತಿ ಕಚೇರಿಯಲ್ಲಿ ವಿಚಾರಿಸುವಾಗ, ಆ ಕಡೆಯ ಕೆರೆ, ಈ ಕಡೆಯ ಕೆರೆ ಎಂದು ಕೈ ತೋರಿಸುವುದಕ್ಕಿಂತ ಗ್ರಾಮದ ಹೆಸರನ್ನೂ ಸರ್ವೆ ನಂಬರನ್ನೂ ಹೇಳಿದರೆ ಉತ್ತರ ಬೇಗ ದೊರೆಯುತ್ತದೆ.

ನಕಾಶೆಯಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ ನೀರು ಬರುವ ದಾರಿ. ನಮ್ಮ ಕೆರೆಗಳು ಒಂಟಿಯಾಗಿ ಇರುವುದು ಕಡಿಮೆ; ಮೇಲಿನ ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ, ಅಲ್ಲಿಂದ ಅದರ ಕೆಳಗಿನದಕ್ಕೆ ಹರಿಯುವಂತೆ ಸರಣಿಯಾಗಿ ಕಟ್ಟಿದವು ಅವು. ಸರಣಿಯ ಮೇಲ್ತುದಿಯಲ್ಲಿರುವ ಕೆರೆಗೆ ಸುತ್ತಲಿನ ಗುಡ್ಡದ ನೀರೇ ಗತಿ. ಕೆಳತುದಿಯಲ್ಲಿರುವ ದೊಡ್ಡ ಕೆರೆಗೆ ಎಲ್ಲ ಕೆರೆಗಳ ಹೆಚ್ಚುವರಿ ನೀರೂ ಬಂದು ಸೇರುತ್ತದೆ, ಕೋಡಿ ಬಿದ್ದ ವರ್ಷ ಮೇಲಿನ ಕೆರೆಗಳಿಂದ ತಪ್ಪಿಸಿಕೊಂಡ ಮೀನೂ ಬಂದು ಸೇರುತ್ತದೆ. ಕಾಲುವೆ ನೀರಿನ ಆಸರೆಯಿರುವ ಕೆರೆಗಳು ಇನ್ನೂ ನಂಬಿಕೆಗೆ ಅರ್ಹ. ನಮ್ಮ ಜಿಲ್ಲೆಯಲ್ಲಿ ಹೇಮಾವತಿ ನಾಲೆಯ ನೀರು ಕಾಣುವ ಗುಬ್ಬಿ ತಾಲ್ಲೂಕಿನ ಕಡಬ ಕೆರೆ, ತುರುವೇಕೆರೆಯ ಮಲ್ಲಾಘಟ್ಟ ಕೆರೆ, ಶಿರಾ ಕಡೆಯ ಕಳ್ಳಂಬೆಳ್ಳ ಕೆರೆ, ಶಿಂಷಾ ನದಿಗೆ ಅಡ್ಡಲಾಗಿ ಕಟ್ಟಿರುವ ಮಾರ್ಕೋನಹಳ್ಳಿ ಜಲಾಶಯ ಇವುಗಳಿಗೂ, ಕೇವಲ ಮಳೆಯನ್ನು ನೆಚ್ಚಿದ ಪಾವಗಡದ ಕೆರೆಗಳಿಗೂ ಇರುವ ಅಂತರ ದೊಡ್ಡದು.

ಕೇಳಬೇಕಾದವರನ್ನು ಕೇಳುವುದು

ಚಿತ್ರದಲ್ಲಿ ಕಾಣದ್ದನ್ನು ಊರಿನವರು ಹೇಳುತ್ತಾರೆ. ಆದರೆ ಯಾರನ್ನು ಕೇಳುತ್ತೀರಿ ಎಂಬುದರ ಮೇಲೆ ಉತ್ತರದ ಬೆಲೆ ನಿಂತಿದೆ. ಹೆದ್ದಾರಿಯ ಬದಿಯ ಚಹದಂಗಡಿಯಲ್ಲಿ ಕೇಳಿದರೆ ಎಲ್ಲ ಕೆರೆಯಲ್ಲೂ ದಂಡಿಯಾಗಿ ಮೀನಿದೆ ಎಂಬ ಉತ್ತರವೇ ಬರುತ್ತದೆ. ನನ್ನ ಅನುಭವದಲ್ಲಿ ಅತ್ಯಂತ ಖಚಿತವಾದ ಮಾತು ಸಿಗುವುದು ನೀರುಗಂಟಿಯಿಂದ. ತೂಬು ಎತ್ತಿ ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯಂತೆ ನೀರು ಬಿಡುವ ಈ ಕೆಲಸ ಈಗ ಬಹಳಷ್ಟು ಊರುಗಳಲ್ಲಿ ಅಳಿದುಹೋಗಿದ್ದರೂ, ಆ ಮನೆತನದ ಹಿರಿಯರು ಇನ್ನೂ ಇರುತ್ತಾರೆ.

ಗುಬ್ಬಿ ಕಡೆಯ ಹಳ್ಳಿಯೊಂದರಲ್ಲಿ ಕೆರೆ ಏರಿಯ ಮೇಲಿನ ಗಂಗಮ್ಮನ ಗುಡಿಯ ಜಗಲಿಯಲ್ಲಿ ಕುಳಿತಿದ್ದ ಅಂಥ ಹಿರಿಯರೊಬ್ಬರನ್ನು, “ಯಜಮಾನ್ರೇ, ಈ ಕೆರೆ ಬತ್ತಿ ಎಷ್ಟು ವರ್ಷ ಆಯ್ತು?” ಎಂದು ಕೇಳಿದೆ. ಅವರು ವರ್ಷದ ಲೆಕ್ಕ ಹೇಳಲಿಲ್ಲ. ಕೋಲಿನಿಂದ ತೂಬಿನ ಕಲ್ಲುಗಂಬವನ್ನು ತೋರಿಸಿ, “ಅಗೋ ಆ ಕಲ್ಲಿನ್ ಎಲ್ಡ್ನೇ ತೂತು ಕಾಣುಸ್ತಲ್ಲ ಸಾಮಿ, ಹೋದ್ ಯುಗಾದೀಗೂ ಅದ್ರು ಕೆಳಕ್ಕೆ ನೀರು ಇಳೀನಿಲ್ಲ” ಎಂದರು. ಹಳೆಯ ತೂಬಿನ ಗಂಬಗಳಲ್ಲಿ ಬೇರೆ ಬೇರೆ ಮಟ್ಟದಲ್ಲಿ ತೂತುಗಳಿರುತ್ತವೆ. ಎರಡನೆಯ ತೂತಿನ ಮಟ್ಟದಲ್ಲಿ ಬೇಸಿಗೆಯನ್ನು ಕಳೆದ ಆ ಕೆರೆಯಲ್ಲಿ ಏರಿಯ ಬುಡದಲ್ಲಿ ಆಳುದ್ದ ನೀರು ಉಳಿದಿತ್ತೆಂದೇ ಅರ್ಥ. ಆ ಒಂದು ಮಾತಿನಲ್ಲಿ ನನಗೆ ಬೇಕಾದುದೆಲ್ಲ ಇತ್ತು.

ಎರಡನೆಯದಾಗಿ ಮೀನು ಮಾರುಕಟ್ಟೆಗೆ ಹೋಗಿ. ಭಾನುವಾರ ಬೆಳಿಗ್ಗೆ ಐಸಿನ ಪೆಟ್ಟಿಗೆಯಲ್ಲಿ ಬರುವ ರೋಹು, ಕಾಟ್ಲಾ ಬಹುಪಾಲು ಆಂಧ್ರದ ಸಾಕಣೆ ಹೊಂಡಗಳದು. ಅದರಿಂದ ನಿಮಗೆ ಯಾವ ಸುಳಿವೂ ಸಿಗದು. ಬುಟ್ಟಿಯಲ್ಲಿ ಹಸಿ ಗೋಣಿಯ ಕೆಳಗೆ, ಗಾತ್ರದಲ್ಲಿ ಒಂದಕ್ಕೊಂದು ಹೊಂದದ ಮೀನುಗಳನ್ನು ಇಟ್ಟುಕೊಂಡು ಕುಳಿತವರನ್ನು ಹುಡುಕಿ, ಕೊಂಡುಕೊಂಡು, ಬಳಿಕ ಯಾವ ಕೆರೆಯದೆಂದು ಕೇಳಿ. ಜಿಲೇಬಿ ಮೀನಿನ (ತಿಲಾಪಿಯಾ) ರಾಶಿಯೇ ಕಂಡರೆ ಆ ಕೆರೆಯಲ್ಲಿ ಅದೇ ತುಂಬಿಕೊಂಡು ಉಳಿದ ಮೀನುಗಳ ಪಾಲಿನ ಮೇವನ್ನು ಕಸಿಯುತ್ತಿದೆ ಎಂದು ತಿಳಿಯಬಹುದು. ಮನೆಗೆ ತಂದ ಮೀನು ಬೇಯುವಾಗ ಕೆಸರಿನ ವಾಸನೆ ಬಲವಾಗಿ ಬಂದರೆ ಅದನ್ನೂ ಆ ಕೆರೆಯ ಹೆಸರಿನ ಮುಂದೆ ಬರೆದಿಟ್ಟುಕೊಳ್ಳಿ.

ಮೀನಿನ ಹಕ್ಕು ಯಾರದು

ಈ ಭಾಗವನ್ನು ಯಾರೂ ಹಾರಿಸಿ ಓದಬಾರದೆಂದು ನನ್ನ ಕೋರಿಕೆ. ಕೆರೆಯ ನೀರು ಸರ್ಕಾರದ್ದಾದರೂ ಅದರಲ್ಲಿರುವ ಮೀನಿಗೆ ಸಾಮಾನ್ಯವಾಗಿ ಒಬ್ಬ ಹಕ್ಕುದಾರ ಇರುತ್ತಾನೆ. ಗ್ರಾಮ ಪಂಚಾಯಿತಿಗೆ ಸೇರಿದ ಸಣ್ಣ ಕೆರೆಗಳ ಮೀನಿನ ಹಕ್ಕನ್ನು ಪಂಚಾಯಿತಿ ಹರಾಜು ಹಾಕುತ್ತದೆ. ದೊಡ್ಡ ಕೆರೆಗಳನ್ನು ಮೀನುಗಾರಿಕೆ ಇಲಾಖೆ ಮೀನುಗಾರರ ಸಹಕಾರ ಸಂಘಗಳಿಗೋ ಟೆಂಡರಿನಲ್ಲಿ ಗೆದ್ದವರಿಗೋ ಕೆಲವು ವರ್ಷಗಳ ಅವಧಿಗೆ ಗುತ್ತಿಗೆ ಕೊಡುತ್ತದೆ. ಜಲಾಶಯಗಳಲ್ಲಿ ಇಲಾಖೆಯ ಪರವಾನಗಿ ಪಡೆದವರು ಮೀನು ಹಿಡಿಯುತ್ತಾರೆ. ಇವೆಲ್ಲಕ್ಕೂ ಕಾನೂನಿನ ಚೌಕಟ್ಟನ್ನು ಕೊಟ್ಟಿರುವುದು 1996ರ ಕರ್ನಾಟಕ ಒಳನಾಡು ಮೀನುಗಾರಿಕೆ ಅಧಿನಿಯಮ. ಯಾವ ಕೆರೆ ಯಾರ ಪಾಲಿನಲ್ಲಿದೆ ಎಂಬ ಪಟ್ಟಿ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ಇರುತ್ತದೆ. ಪಂಚಾಯಿತಿ ಕೆರೆಗಳ ವಿಷಯವನ್ನು ಪಂಚಾಯಿತಿಯಲ್ಲೇ ಕೇಳಬೇಕು.

ನಾನು ಇದನ್ನು ಕಲಿತದ್ದು ತಪ್ಪು ಮಾಡಿ. ಬಂದ ಹೊಸತರಲ್ಲಿ ಒಂದು ಕೆರೆಯ ಕೋಡಿಯ ಪಕ್ಕ ಕುಳಿತು ಎರಡು ಮೃಗಾಲ್ ಹಿಡಿದು ಬುಟ್ಟಿಗೆ ಹಾಕಿಕೊಂಡಿದ್ದೆ. ಕಾವಲಿನ ಹುಡುಗನೊಬ್ಬ ಓಡಿ ಬಂದ. ಅವನ ಹಿಂದೆಯೇ ಕೆರೆಯನ್ನು ಗುತ್ತಿಗೆ ಹಿಡಿದವರೂ ಬಂದರು. ಅವರು ಗದರಲಿಲ್ಲ. ಮರಿ ಬಿಡಲು ಸಾಲ ಮಾಡಿರುವುದನ್ನೂ, ಹಿಂದಿನ ವರ್ಷ ಕೋಡಿ ಒಡೆದು ಅರ್ಧ ಮೀನು ಹಳ್ಳದ ಪಾಲಾದುದನ್ನೂ, ರಾತ್ರಿ ಹೊತ್ತು ಕದ್ದು ಬಲೆ ಬೀಸುವವರ ಕಾಟವನ್ನೂ ಹೇಳಿ, “ಕೇಳಿದ್ರೆ ಬ್ಯಾಡ ಅಂತಿದ್ನಾ ಅಣ್ಣಾ?” ಎಂದರು. ಆ ಎರಡು ಮೀನುಗಳಿಗೆ ಹಣ ಕೊಟ್ಟು ಬಂದೆನಾದರೂ ಆ ಮಾತು ಮಾತ್ರ ನನ್ನೊಳಗೆ ಉಳಿದುಬಿಟ್ಟಿತು. ಅಂದಿನಿಂದ ಇಂದಿನವರೆಗೆ ಕೇಳದೆ ಯಾವ ನೀರಿಗೂ ಗಾಳ ಇಳಿಸಿಲ್ಲ.

ಕೇಳುವ ರೀತಿಯೂ ಮುಖ್ಯ. ಏರಿಯ ಮೇಲೆ ಸಿಕ್ಕವರನ್ನು “ಈ ಕೆರೆ ಹಿಡಿದಿರೋರು ಯಾರು?” ಎಂದು ವಿಚಾರಿಸಿ, ಅವರ ಮನೆಗೇ ಹೋಗಿ, ಬಲೆಯಿಲ್ಲ, ಒಂದೇ ಗಾಳ, ಹಿಡಿದುದನ್ನು ನಿಮ್ಮ ಮುಂದೆಯೇ ತೂಗಿಸಿ ಹಣ ಕೊಟ್ಟು ಒಯ್ಯುತ್ತೇನೆ ಎಂದು ಹೇಳಿದರೆ ಒಪ್ಪುವವರೇ ಹೆಚ್ಚು. ಕೆಲವರು ದಿನಕ್ಕಿಷ್ಟು ಎಂದು ಗೊತ್ತು ಮಾಡುತ್ತಾರೆ. ಮರಿ ಬಿಟ್ಟ ಮೊದಲ ತಿಂಗಳುಗಳಲ್ಲಿ ಬೇಡವೆಂದರೆ ಅದಕ್ಕೆ ತಕ್ಕ ಕಾರಣವಿದೆ, ಒತ್ತಾಯ ಮಾಡಬಾರದು. ಮಾತಿನ ನಡುವೆ ಯಾವ ತಿಂಗಳು ಯಾವ ಜಾತಿಯ ಮರಿ ಬಿಟ್ಟರು, ಏನು ತಿಂಡಿ ಹಾಕುತ್ತಾರೆ ಎಂಬುದನ್ನೂ ಕೇಳಿಕೊಳ್ಳಿ. ಅಕ್ಕಿ ತೌಡು ಮತ್ತು ಕಡಲೆಕಾಯಿ ಹಿಂಡಿ ಕಲಸಿ ಹಾಕುವ ಕೆರೆಯಾದರೆ ಅಲ್ಲಿನ ರೋಹು, ಗೆಂಡೆಗಳಿಗೆ ಆ ವಾಸನೆ ಪರಿಚಿತ. ನಿಮ್ಮ ಗಾಳಕ್ಕೂ ಅದೇ ಹಿಂಡಿಯ ಉಂಡೆ ಸಾಕು.

ಯಾರನ್ನು ಕೇಳಿದರೂ ಗಾಳ ಹಾಕಲಾಗದ ನೀರುಗಳೂ ಇವೆ. ವನ್ಯಜೀವಿಧಾಮ, ರಾಷ್ಟ್ರೀಯ ಉದ್ಯಾನ, ಪಕ್ಷಿಧಾಮಗಳ ಒಳಗಿನ ಕೆರೆ ಹೊಳೆಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕಾವಲಿದೆ. ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಇವು ಹಕ್ಕಿಗಳಿಗಾಗಿ ಕಾದಿರಿಸಿದ ಕೆರೆಗಳು. 2024ರಲ್ಲಿ ಇವೆರಡೂ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದವು. ಕಾವೇರಿಯ ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಾಕಳಿಗಳು ಬಿಳಿಮೀನಿನ (ಮಹಶೀರ್) ಗಾಳಕ್ಕೆ ಒಂದು ಕಾಲದಲ್ಲಿ ದೇಶವಿದೇಶಗಳಲ್ಲಿ ಹೆಸರಾಗಿದ್ದವು. ಆ ನೆನಪಿನಲ್ಲಿ ಇಂದು ಅಲ್ಲಿಗೆ ಕೋಲು ಹಿಡಿದು ಹೋಗುವಂತಿಲ್ಲ, ಏಕೆಂದರೆ ಅದು ಕಾವೇರಿ ವನ್ಯಜೀವಿಧಾಮದ ನೆಲ. ಆ ಬಿಳಿಮೀನಿನ ಗೂನುಬೆನ್ನಿನ ಬಗೆಯನ್ನು 2018ರಲ್ಲಿ ಅಳಿವಿನ ಅಂಚಿಗೆ ತಲುಪಿರುವ ಜೀವಿಗಳ ಕೆಂಪು ಪಟ್ಟಿಗೆ ಸೇರಿಸಲಾಯಿತು. ಶೃಂಗೇರಿ, ರಾಮನಾಥಪುರ, ಶಿಶಿಲಗಳಲ್ಲಿ ದೇವರ ಮೀನುಗಳಿಗೆ ಅಕ್ಕಿ, ಮಂಡಕ್ಕಿ ಹಾಕುವ ನೀರಿನ ಬಗ್ಗೆ ಬೇರೆ ಹೇಳಬೇಕಿಲ್ಲ. ಊರಿಗೆ ಕುಡಿಯುವ ನೀರು ಕೊಡುವ ಕೆರೆಗಳನ್ನೂ, ತುಮಕೂರಿಗೆ ಬುಗುಡನಹಳ್ಳಿ ಇದ್ದಂತೆ, ಪಟ್ಟಿಯಿಂದ ಕೈಬಿಡುವುದೇ ಸರಿ.

ಬತ್ತಿದ ಅಂಗಳವನ್ನು ಓದುವುದು

ಪಟ್ಟಿಯಲ್ಲಿ ಉಳಿದ ನಾಲ್ಕೈದು ಕೆರೆಗಳಿಗೆ ಗಾಳವಿಲ್ಲದೆ ಒಮ್ಮೆ ಹೋಗಿ ಬರಬೇಕು. ಏಪ್ರಿಲ್ ಕೊನೆ ಅಥವಾ ಮೇ ತಿಂಗಳ ಮೊದಲ ವಾರ, ನೀರು ಅತ್ಯಂತ ಕೆಳಗೆ ಇಳಿದಿರುವಾಗ ಹೋಗುವುದು ಒಳ್ಳೆಯದು. ನೀರು ತುಂಬಿದ ಕೆರೆ ಎಲ್ಲ ಕಡೆಯೂ ಒಂದೇ ರೀತಿ ಕಾಣುತ್ತದೆ. ನೀರು ಇಳಿದ ಕೆರೆ ತನ್ನ ಒಳಗನ್ನು ಪೂರ್ತಿ ತೆರೆದಿಡುತ್ತದೆ. ಮಳೆಗಾಲದ ನಂತರ ನೀವು ಎಲ್ಲಿ ಕುಳಿತುಕೊಳ್ಳಬೇಕು ಎಂಬುದು ಆ ಒಂದು ಬೆಳಗಿನಲ್ಲಿ ತೀರ್ಮಾನವಾಗುತ್ತದೆ ಎಂದರೆ ಉತ್ಪ್ರೇಕ್ಷೆಯಲ್ಲ.

ಏರಿಯ ಮೇಲಿಂದ ಇಳಿದು, ಒಣಗಿ ಬಿರುಕು ಬಿಟ್ಟ ಮಣ್ಣಿನ ಮೇಲೆ ನೀರಿನ ಅಂಚಿನತ್ತ ನಿಧಾನವಾಗಿ ನಡೆಯಿರಿ. ಮೊದಲು ಕಣ್ಣಿಗೆ ಬೀಳುವುದು ತಟ್ಟೆಯಾಕಾರದ ಕುಳಿಗಳು. ಊಟದ ತಟ್ಟೆಯಷ್ಟು ಅಥವಾ ಅದಕ್ಕಿಂತ ಸ್ವಲ್ಪ ದೊಡ್ಡದಾಗಿ, ಅಂಚು ಎತ್ತರಿಸಿ, ನಡುವೆ ನುಣುಪಾಗಿ ತಗ್ಗಿರುವ ಈ ಕುಳಿಗಳು ಒಂದರ ಪಕ್ಕ ಒಂದರಂತೆ ಹತ್ತಾರು ಇರುತ್ತವೆ. ಅವು ಜಿಲೇಬಿ ಮೀನಿನ ಗಂಡುಗಳು ಮೊಟ್ಟೆಗಾಗಿ ತೋಡಿದ ಗೂಡುಗಳು. ಕುಳಿಗಳು ಅಂಗಳದ ತುಂಬ ಇದ್ದರೆ ಆ ಕೆರೆಯಲ್ಲಿ ಎಳೆಯ ಮಕ್ಕಳಿಗೆ ಗಾಳ ಕಲಿಸುವುದು ಸುಲಭ, ದೊಡ್ಡ ಮೀನಿನ ಆಸೆ ಕಡಿಮೆ ಇಟ್ಟುಕೊಳ್ಳಬೇಕು. ಮುಂದೆ ನಡೆದಂತೆ ಕಪ್ಪೆಚಿಪ್ಪುಗಳು, ಬಸವನಹುಳುವಿನ ಖಾಲಿ ಓಡುಗಳು ಸಿಗುತ್ತವೆ. ತಳದಲ್ಲಿ ಇವು ಹೇರಳವಾಗಿದ್ದರೆ ಅಲ್ಲಿ ತಳ ಕೆದಕಿ ಮೇಯುವ ಮೀನಿಗೆ ಆಹಾರವಿದೆ.

ಆಮೇಲೆ ನೆಲದ ಏರಿಳಿತವನ್ನು ನೋಡಿ. ಕೆರೆ ಕಟ್ಟುವ ಮೊದಲು ಹರಿಯುತ್ತಿದ್ದ ಹಳ್ಳದ ಗುರುತು ಅಂಗಳದ ನಡುವೆ ಉದ್ದಕ್ಕೂ ತಗ್ಗಾಗಿ ಉಳಿದಿರುತ್ತದೆ, ಮತ್ತು ಅದು ತೂಬಿನ ಹತ್ತಿರವೋ ಏರಿಯ ಅತ್ಯಂತ ಎತ್ತರದ ಭಾಗದ ಬುಡದಲ್ಲೋ ಬಂದು ನಿಲ್ಲುತ್ತದೆ. ಬಿಸಿಲೇರಿದ ಹೊತ್ತಿನಲ್ಲಿ ಮೀನು ಸೇರುವುದು ಈ ತಗ್ಗಿನಲ್ಲಿ. ಮುಳುಗಡೆಯಾದ ಹಳೆಯ ಬಾವಿ, ಕಲ್ಲುಗುಂಡು, ಜಾಲಿಯ ಬುಡಗಳು ಎಲ್ಲಿವೆ ಎಂಬುದನ್ನು ಏರಿಯ ಮೇಲಿನ ಯಾವುದಾದರೂ ಮರ, ಗುಡಿ, ವಿದ್ಯುತ್ ಕಂಬಕ್ಕೆ ನೇರವಾಗಿ ಗುರುತು ಹಾಕಿ ಬರೆದಿಟ್ಟುಕೊಳ್ಳಿ. ನೀರು ತುಂಬಿದಾಗ ಮೀನು ಅಲ್ಲಿ ನೆರಳು ಹಿಡಿಯುತ್ತದೆ, ನಿಮ್ಮ ತಂಗೂಸಿ, ಅಂದರೆ ಗಾಳದ ದಾರ, ಸಿಕ್ಕಿಹಾಕಿಕೊಳ್ಳುವುದೂ ಅಲ್ಲೇ. ಹೂಳೆತ್ತುವಾಗಲೋ ಇಟ್ಟಿಗೆ ಮಣ್ಣಿಗೆಂದೋ ಯಂತ್ರದಿಂದ ತೋಡಿದ ಗುಂಡಿಗಳನ್ನು ಕೆಂಪು ಶಾಯಿಯಲ್ಲಿ ಗುರುತಿಸಿ. ದಡದಿಂದ ಎರಡೇ ಹೆಜ್ಜೆಗೆ ಮೊಣಕಾಲುದ್ದದ ನೀರು ಆಳುದ್ದವಾಗುವುದು ಈ ಗುಂಡಿಗಳಲ್ಲಿ; ಪ್ರತಿವರ್ಷ ಕೆರೆಗಳಲ್ಲಿ ಮಕ್ಕಳು ಮುಳುಗುವ ದುರಂತಗಳ ಹಿಂದೆ ಅನೇಕ ಸಲ ಇಂಥ ಗುಂಡಿಗಳೇ ಇರುತ್ತವೆ. ಅಂಥ ಕಡೆ ನೀರಿಗೆ ಇಳಿಯಲೇಬಾರದು.

ನೀರಿನ ಮೊಗ ನೋಡುವುದು

ನೀರಿನ ಗುಣವನ್ನು ಪರೀಕ್ಷಿಸಲು ಮೀನು ಸಾಕುವವರು ಬಳಸುವ ಸುಲಭ ಉಪಾಯ ಒಂದಿದೆ. ಗಟ್ಟಿ ನೆಲವಿರುವ ದಡದಲ್ಲಿ ಬಗ್ಗಿ, ಅಂಗೈಯನ್ನು ಮಡಿಸಿ, ತೋಳನ್ನು ನೀರಿನೊಳಗೆ ನೇರವಾಗಿ ಇಳಿಸುತ್ತಾ ಹೋಗಬೇಕು. ನೀರು ಮೊಣಕೈ ಮುಟ್ಟುವ ಹೊತ್ತಿಗೆ ಅಂಗೈ ಕಣ್ಮರೆಯಾದರೆ ನೀರಿನಲ್ಲಿ ಮೀನಿಗೆ ಬೇಕಾದ ಸೂಕ್ಷ್ಮ ಆಹಾರ ಹದವಾಗಿದೆ. ಮಣಿಕಟ್ಟಿಗೇ ಕಾಣದಾದರೆ ಪಾಚಿ ಅತಿಯಾಗಿದೆ. ತೋಳು ಪೂರ್ತಿ ಇಳಿದರೂ ಬೆರಳುಗಳು ಎಣಿಸುವಂತೆ ಕಂಡರೆ ನೀರು ಬಡವಾಗಿದೆ. ಕೆಂಪು ಮಣ್ಣಿನಿಂದ ಕದಡಿದ ನೀರಿಗೆ ಈ ಲೆಕ್ಕ ಹಿಡಿಯುವುದಿಲ್ಲ, ಅದು ತಿಳಿಯಾಗುವವರೆಗೆ ಕಾಯಬೇಕು.

ನಸುಕಿನಲ್ಲಿ ಒಮ್ಮೆ ಹೋಗುವುದೂ ಅಗತ್ಯ. ರಾತ್ರಿಯಿಡೀ ಪಾಚಿಯೂ ಜಲಸಸ್ಯಗಳೂ ಆಮ್ಲಜನಕವನ್ನು ಬಳಸುವುದರಿಂದ ಸೂರ್ಯ ಹುಟ್ಟುವ ಮುಂಚೆ ನೀರಿನಲ್ಲಿ ಅದು ತೀರ ಕಡಿಮೆಯಿರುತ್ತದೆ. ಆ ಹೊತ್ತಿನಲ್ಲಿ ಮೀನುಗಳು ಗುಂಪುಗುಂಪಾಗಿ ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ಮೀನು ಬಹಳ ಇದೆಯೆಂದು ಹಿಗ್ಗಬೇಡಿ. ಅವು ಉಸಿರಿಗೆ ಒದ್ದಾಡುತ್ತಿವೆ. ಚರಂಡಿ ಅಥವಾ ಕಾರ್ಖಾನೆಯ ನೀರು ಸೇರುವ ಕೆರೆಯ ಮೀನನ್ನು, ಎಷ್ಟೇ ದೊಡ್ಡದಿದ್ದರೂ, ಮನೆಗೆ ತರಬಾರದು. ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆಗೆ ಬೆಂಕಿ ಹತ್ತಿದ್ದನ್ನೂ, 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯ ದಡದುದ್ದಕ್ಕೂ ಸತ್ತ ಮೀನು ತೇಲಿದ್ದನ್ನೂ ಕಂಡ ಮೇಲೆ ಈ ಮಾತಿಗೆ ಬೇರೆ ಸಾಕ್ಷಿ ಬೇಡ. ನಗರಕ್ಕೆ ಹೊಸದಾಗಿ ಬಂದವರು ಕೆರೆಗಾಗಿ ಒಂದು ಗಂಟೆ ಹೊರಕ್ಕೆ ಪ್ರಯಾಣ ಮಾಡುವುದೇ ಲೇಸು.

ಜೀವಂತ ಕೆರೆಯ ಗುರುತುಗಳು ನೀರಿನ ಮೇಲೆಯೇ ಇರುತ್ತವೆ. ನೀರುಕಾಗೆಗಳು ಒಂದೇ ಕಡೆ ಮುಳುಗಿ ಏಳುತ್ತಿದ್ದರೆ ಅಲ್ಲಿ ಸಣ್ಣ ಮೀನಿನ ಹಿಂಡಿದೆ. ತಳದಿಂದ ಸಣ್ಣ ಗುಳ್ಳೆಗಳ ಸಾಲು ನಿಧಾನವಾಗಿ ಮುಂದಕ್ಕೆ ಸರಿಯುತ್ತಿದ್ದರೆ ಸಾಮಾನ್ಯ ಗೆಂಡೆಯೋ ಮೃಗಾಲೋ ಕೆಸರು ಕೆದಕುತ್ತಿದೆ. ಜೊಂಡಿನ ಅಂಚಿನಲ್ಲಿ ಆಗಾಗ ಗುಳುಕ್ ಎಂಬ ಸದ್ದು ಕೇಳಿದರೆ ಅದು ಉಸಿರಿಗಾಗಿ ಮೇಲೆ ಬಂದ ಕೊರವ. ಅಂಥಲ್ಲಿ ಕೆಂಪುಕೇಸರಿ ಬಣ್ಣದ ಎಳೆಮರಿಗಳ ಗುಂಪು ನೀರಿನ ಮೇಲೆ ಒಟ್ಟಾಗಿ ಕುದಿಯುವಂತೆ ಆಡುತ್ತಿದ್ದರೆ, ಕೆಳಗೆ ತಾಯಿ ತಂದೆ ಮೀನುಗಳು ಕಾವಲಿವೆ ಎಂದರ್ಥ. ಆಗ ಅವು ಗಾಳಕ್ಕೆ ಬೇಗ ಎರಗುತ್ತವೆ. ಹಾಗೆಂದೇ ಆ ಜಾಗವನ್ನು ಬಿಟ್ಟು ನಡೆಯಬೇಕು. ಕಾವಲು ತಪ್ಪಿದ ಮರಿಗಳು ಆ ಸಂಜೆಯೊಳಗೆ ಬೇರೆ ಮೀನುಗಳ ಪಾಲಾಗುತ್ತವೆ.

ಮೊದಲ ದಿನಗಳು

ನಮ್ಮ ಕಡೆ ಕೆರೆಗಳಿಗೆ ಹೊಸ ನೀರು ಬರುವ ಜೂನ್‌ನಿಂದ ಆಗಸ್ಟ್‌ವರೆಗಿನ ಕಾಲ ಬಹುತೇಕ ಮೀನುಗಳು ಮೊಟ್ಟೆ ಇಡುವ ಕಾಲ. ಮಲೆನಾಡಿನಲ್ಲಿ ಮೊದಲ ಮಳೆಗೆ ಗದ್ದೆಬಯಲಿಗೆ ಏರಿ ಬರುವ ಹತ್ತುಮೀನು ಹಿಡಿಯುವುದನ್ನು ಬಾಲ್ಯದಿಂದ ಕಂಡವನು ನಾನು. ಆದರೂ ಹೊಟ್ಟೆ ತುಂಬ ಮೊಟ್ಟೆ ತುಂಬಿಕೊಂಡ ಮೀನನ್ನು ಕೆರೆಯ ಒಳಹರಿವಿನಲ್ಲಿ ಕಾದು ಹಿಡಿಯುವುದು ಬೇಡವೆಂಬ ತೀರ್ಮಾನಕ್ಕೆ ಬಂದಿದ್ದೇನೆ. ಜಲಾಶಯಗಳಲ್ಲಂತೂ ಮುಂಗಾರಿನ ನಿಷೇಧವಿದೆಯೇ ಎಂಬುದನ್ನು ಮೀನುಗಾರಿಕೆ ಕಚೇರಿಯಲ್ಲಿ ಕೇಳಿಯೇ ಹೊರಡಬೇಕು. ಅಕ್ಟೋಬರ್‌ನಿಂದ ಗಾಳಕ್ಕೆ ಒಳ್ಳೆಯ ದಿನಗಳು. ಚಳಿಗಾಲದಲ್ಲಿ ಬಿಸಿಲು ಏರಿದ ಮೇಲೆ, ಬೇಸಿಗೆಯಲ್ಲಿ ಬೆಳಗ್ಗೆ ಒಂಬತ್ತರೊಳಗೆ ಮತ್ತು ಸಂಜೆ ಹೊತ್ತು ಮುಳುಗುವ ಮುನ್ನ ಮೀನು ಚುರುಕಾಗಿರುತ್ತದೆ. ಗಾಳಿ ಬೀಸಿ ಅಲೆಗಳು ಬಡಿಯುವ ದಡದತ್ತ ತೇಲುವ ಆಹಾರವೂ ಸೇರುವುದರಿಂದ, ಮುಖಕ್ಕೆ ಗಾಳಿ ಬಡಿದರೂ ಸರಿಯೆಂದು ಅದೇ ದಡದಲ್ಲಿ ಕುಳಿತುಕೊಳ್ಳಿ.

ಕಾಟ್ಲಾ ಮೇಲ್ಪದರದಲ್ಲಿ, ರೋಹು ನಡುನೀರಿನಲ್ಲಿ, ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದಲ್ಲಿ ಮೇಯುತ್ತವೆ. ಆದ್ದರಿಂದ ಗುರುತಿಲ್ಲದ ಕೆರೆಯಲ್ಲಿ ಒಂದೇ ಆಳಕ್ಕೆ ಗಾಳ ಕಟ್ಟಿ ಕೂರದೆ, ಅರ್ಧ ಗಂಟೆಗೊಮ್ಮೆ ಬೆಂಡನ್ನು ಸರಿಸಿ ಆಳ ಬದಲಿಸುತ್ತಾ ನೋಡಬೇಕು. ದುಬಾರಿ ರಾಡು, ರೀಲುಗಳನ್ನು ಈ ಹಂತದಲ್ಲಿ ಕೊಳ್ಳಬೇಡಿ. ಬಿದಿರಿನ ಕೋಲು, ತಂಗೂಸಿ, ಬೆಂಡು, ಎರೆಹುಳು, ರಾಗಿಮುದ್ದೆಯ ಒಂದು ತುಂಡು ಸಾಕು. ಕಾರ್ಬನ್ನಿನ ರಾಡು ಇರುವವರು ಏಪ್ರಿಲ್, ಮೇ ತಿಂಗಳ ಗುಡುಗುಮಳೆಯ ಮೋಡ ಕಂಡ ತಕ್ಷಣ ಅದನ್ನು ಮಡಿಸಿ ಏರಿಯಿಂದ ಕೆಳಗಿಳಿಯಬೇಕು, ಏಕೆಂದರೆ ಅದು ವಿದ್ಯುತ್ತನ್ನು ಹರಿಸುವ ವಸ್ತು, ಮತ್ತು ಬಯಲಿನಲ್ಲಿ ಅದಕ್ಕಿಂತ ಎತ್ತರದ್ದು ಬೇರೇನೂ ಇರುವುದಿಲ್ಲ. ಕಬಿನಿ, ಭದ್ರಾ, ತುಂಗಭದ್ರೆಯಂಥ ಹಿನ್ನೀರುಗಳ ಬಳಿ ನೆಲೆಸಿದವರು ಮೊಸಳೆಯ ವಿಷಯವನ್ನು ಸ್ಥಳೀಯರಿಂದ ತಿಳಿದೇ ನೀರಿನ ಅಂಚಿಗೆ ಹೋಗಬೇಕು.

ಒಂದು ಕೆರೆಯನ್ನು ಒಂದೇ ದಿನದ ಫಲದಿಂದ ತೂಗಬೇಡಿ. ಪ್ರತಿಯೊಂದಕ್ಕೂ ಬೇರೆ ಬೇರೆ ತಿಂಗಳುಗಳಲ್ಲಿ ಕನಿಷ್ಠ ಮೂರು ಸಲವಾದರೂ ಹೋಗಿ, ತಾರೀಖು, ನೀರಿನ ಮಟ್ಟ ತೂಬಿನ ಯಾವ ತೂತಿನಲ್ಲಿತ್ತು, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು, ಯಾವ ಆಳದಲ್ಲಿ ಯಾವ ಮೀನು ಯಾವ ಮೇವಿಗೆ ಬಂತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ನನ್ನ ಪುಸ್ತಕದಲ್ಲಿ ಮೊದಲ ವರ್ಷ ಇಪ್ಪತ್ತಮೂರು ಕೆರೆಗಳ ಹೆಸರಿದ್ದವು. ಮೂರನೆಯ ವರ್ಷಕ್ಕೆ ನಾಲ್ಕು ಉಳಿದವು. ಆ ನಾಲ್ಕರಲ್ಲಿ ಒಂದು, ಅಂದು ಕಾವಲಿನ ಹುಡುಗ ಓಡಿ ಬಂದ ಕೆರೆಯೇ. ಈಗ ಮರಿ ಬಿಡುವ ದಿನ ಕೆರೆ ಹಿಡಿದವರು ನನಗೂ ಫೋನ್ ಮಾಡುತ್ತಾರೆ. ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲಗಳನ್ನು ಒಡನೆಯೇ ಬಿಚ್ಚದೆ, ಒಳಗಿನ ನೀರೂ ಕೆರೆಯ ನೀರೂ ಒಂದೇ ಬಿಸಿಗೆ ಬರುವವರೆಗೆ ಕಾಲು ಗಂಟೆ ತೇಲಿಬಿಟ್ಟು, ಬಳಿಕ ಬಾಯಿ ಬಿಚ್ಚಿ ನಿಧಾನವಾಗಿ ವಾಲಿಸುತ್ತೇವೆ. ಬೆರಳುದ್ದದ ಮರಿಗಳು ಚೀಲದ ಬಾಯಲ್ಲಿ ಒಂದು ಕ್ಷಣ ತಡೆದು ನಿಂತು, ಆಮೇಲೆ ಒಟ್ಟಿಗೆ ಆಳದ ಕಡೆಗೆ ತಿರುಗುತ್ತವೆ.